ಕೈಗಾದಲ್ಲಿ ಅವಘಡವಾದರೆ ಹೊಣೆ ಯಾರದು?

ನಮ್ಮ ಖಾನಾಪುರದ ಪಕ್ಕದ ಜೋಯಿಡಾದಲ್ಲಿ ಹುಟ್ಟುವ ಕಾಳಿ ನದಿ, ಕಾರವಾರದಲ್ಲಿ ಕಡಲು ಸೇರುವ ಮೊದಲು ಕದ್ರಾ ಜಲಾಶಯವನ್ನು ತುಂಬುತ್ತದೆ. ಕೈಗಾ ಅಣುಸ್ಥಾವರವನ್ನು ತಂಪಾಗಿಡಲು ಈ ನೀರೇ ಬಳಕೆಯಾಗುತ್ತದೆ. ಅಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ.

ರಿಯಾಕ್ಟರ್ ನಿಲ್ಲಿಸಿದ ಮೇಲೂ ಇಂಧನ ಕಾವು ಬಿಡುತ್ತಲೇ ಇರುತ್ತದೆ, ಒಲೆ ಆರಿಸಿದ ಮೇಲೂ ಕೆಂಡ ಸುಡುವಂತೆ. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಸುನಾಮಿಯಿಂದ ಪಂಪುಗಳು ನಿಂತು ಇಂಧನ ಕರಗಿದ್ದು ಈ ಕಾವಿನಿಂದಲೇ. ಅಂಥ ಹೊತ್ತಿನಲ್ಲಿ ವಿಕಿರಣಕ್ಕೆ ಕೊನೆಯ ತಡೆ ಕಾಂಕ್ರೀಟ್ ಗುಮ್ಮಟ. ಕೈಗಾದ ಒಂದನೇ ಘಟಕದಲ್ಲಿ ಒಳಗುಮ್ಮಟದ ಕಾಂಕ್ರೀಟೇ 1994ರ ಮೇ 13ರಂದು ಕಳಚಿ ಬಿತ್ತು. ಆಗ ಅದಿನ್ನೂ ನಿರ್ಮಾಣ ಹಂತದಲ್ಲಿತ್ತು ಎಂಬುದು ನಮ್ಮ ಪುಣ್ಯ. 2009ರ ನವೆಂಬರಿನಲ್ಲಿ ಯಾರೋ ಟ್ರಿಟಿಯಮ್ ಇದ್ದ ಭಾರಜಲವನ್ನು ಕುಡಿಯುವ ನೀರಿನ ಕೂಲರಿಗೆ ಬೆರೆಸಿದರು; ನೌಕರರ ಮೂತ್ರ ಪರೀಕ್ಷೆಯಲ್ಲಿ ಅದು ಪತ್ತೆಯಾಯಿತು. ಇದನ್ನು ಯಾವ ಗುಮ್ಮಟವೂ ತಡೆಯಲಾರದು.

ಇನ್ನು ಪರಿಹಾರದ ಮಾತು. 2010ರ ಕಾಯಿದೆಯಲ್ಲಿ ಸ್ಥಾವರ ನಡೆಸುವವರ ಹೊಣೆ 1500 ಕೋಟಿ ರೂಪಾಯಿಯವರೆಗೆ ಇತ್ತು. ಸಂತ್ರಸ್ತರು ಯಾರ ತಪ್ಪೆಂದು ಸಾಬೀತುಪಡಿಸಬೇಕಾಗಿರಲಿಲ್ಲ. ದೋಷಯುಕ್ತ ಯಂತ್ರಭಾಗ ಕೊಟ್ಟ ಪೂರೈಕೆದಾರರಿಂದ ಆ ಹಣ ವಸೂಲು ಮಾಡುವ ಹಕ್ಕೂ ಇತ್ತು. ಭೋಪಾಲದ ಪಾಠ ಅದು. 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ‘ಶಾಂತಿ’ ಮಸೂದೆ ಹಳೆಯ ಕಾಯಿದೆಯ ಜಾಗಕ್ಕೆ ಬಂದಿತು. ಇದರಲ್ಲಿ ಹೊಣೆಯ ಮಿತಿ ಸ್ಥಾವರದ ಗಾತ್ರಕ್ಕೆ ತಕ್ಕಂತೆ 100ರಿಂದ 3000 ಕೋಟಿ ರೂಪಾಯಿ. ಒಪ್ಪಂದದಲ್ಲಿ ಬರೆದಿಲ್ಲವಾದರೆ, ಯಂತ್ರಭಾಗ ಕೆಟ್ಟದ್ದಾಗಿತ್ತು ಎಂಬ ಮಾತ್ರಕ್ಕೆ ಪೂರೈಕೆದಾರರಿಂದ ವಸೂಲಿ ಇಲ್ಲ. ಮಿತಿ ಮೀರಿದ ಹಾನಿಯನ್ನು ಕೇಂದ್ರ ಸರಕಾರ ತುಂಬಬೇಕು, ಅಂದರೆ ನಮ್ಮ ತೆರಿಗೆಯಿಂದ.