ಬೆಕ್ಕಿರುವ ಮನೆಯಲ್ಲಿ ಸುಗಂಧತೈಲದ ಎಚ್ಚರ

ರಾಯಚೂರು ಸೀಮೆಯ ಒಕ್ಕಲುಮನೆಗಳಿಗೆ ಬೆಕ್ಕು ಹೊಸದಲ್ಲ. ಚಂದ್ರಬಂಡದಂತಹ ಊರುಗಳಲ್ಲಿ ಜೋಳ, ತೊಗರಿ, ಭತ್ತದ ಚೀಲಗಳನ್ನು ಇಲಿಗಳಿಂದ ಕಾಯುವುದೇ ಅದರ ಕಾಯಕ. ಮಾನವಿಯ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆ ನೀರು ತಂದಿವೆ. ನೀರು ನಿಂತಲ್ಲಿ ಸೊಳ್ಳೆಯೂ ಉಂಟಷ್ಟೆ. ಅದನ್ನೋಡಿಸಲು ಕರ್ಪೂರ, ಸಿಟ್ರೊನೆಲ್ಲಾ. ನೆಗಡಿಗೆ ನೀಲಗಿರಿ ಎಣ್ಣೆ. ಹಲ್ಲುನೋವಿಗೆ ಲವಂಗದ ಎಣ್ಣೆ. ಈಚೆಗೆ ತೈಲವನ್ನು ಮಂಜಿನಂತೆ ಹರಡುವ ವಿದ್ಯುತ್ ಡಿಫ್ಯೂಸರುಗಳೂ ಮನೆಗಳಿಗೆ ಬಂದಿವೆ. ಮನುಷ್ಯರಿಗೆ ಹಿತವೆನಿಸುವ ಈ ವಸ್ತುಗಳು ಬೆಕ್ಕಿಗೆ ವಿಷವಾಗಬಲ್ಲವೆಂಬುದನ್ನು ಗೃಹಸ್ಥರು ಅರಿಯಬೇಕು.

ಇದಕ್ಕೆ ಕಾರಣ ಬೆಕ್ಕಿನ ಯಕೃತ್ತಿನಲ್ಲಿದೆ. ದೇಹ ಸೇರಿದ ಫಿನಾಲ್ ಮೊದಲಾದ ದ್ರವ್ಯಗಳನ್ನು ಗ್ಲುಕುರೊನಿಕ್ ಆಮ್ಲದೊಡನೆ ಬೆಸೆದು ಹೊರಹಾಕುವ ಕಿಣ್ವ ನಮ್ಮಲ್ಲಿ ಸಾಕಷ್ಟಿದೆ; ಬೆಕ್ಕಿನಲ್ಲಿ ಅದು ತೀರಾ ಕಡಿಮೆ. ನಮ್ಮ ಜ್ವರದ ಪ್ಯಾರಾಸಿಟಮಾಲ್ ಗುಳಿಗೆ ಬೆಕ್ಕಿಗೆ ಮಾರಕವಾಗುವುದೂ ಈ ಕೊರತೆಯಿಂದಲೇ. ಸಾಲದ್ದಕ್ಕೆ ಬೆಕ್ಕು ಮೈಯನ್ನು ನೆಕ್ಕಿ ಶುಚಿಗೊಳಿಸಿಕೊಳ್ಳುವ ಪ್ರಾಣಿ. ಕೂದಲ ಮೇಲೆ ಬಿದ್ದ ತೈಲ ಚರ್ಮದಿಂದಲೂ ಇಳಿಯುತ್ತದೆ, ನಾಲಗೆಯಿಂದಲೂ ಹೊಟ್ಟೆ ಸೇರುತ್ತದೆ.

ನೀಲಗಿರಿ, ಲವಂಗ, ದಾಲ್ಚಿನ್ನಿ, ಪುದೀನ, ನಿಂಬೆ-ಕಿತ್ತಳೆ ಸಿಪ್ಪೆಯ ತೈಲ, ಟೀ ಟ್ರೀ ಎಣ್ಣೆ, ಕರ್ಪೂರ ಇವೆಲ್ಲ ಅಪಾಯದ ಪಟ್ಟಿಯಲ್ಲಿವೆ. ಅಮೆರಿಕದ ಪಶುವೈದ್ಯರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, 2002ರಿಂದ 2012ರವರೆಗೆ ಶುದ್ಧ ಟೀ ಟ್ರೀ ಎಣ್ಣೆಯ ಸೋಂಕಿಗೆ ಸಿಕ್ಕಿದ 337 ನಾಯಿ ಹಾಗೂ 106 ಬೆಕ್ಕುಗಳನ್ನು ಪರಿಶೀಲಿಸಿತು. ನೂರಕ್ಕೆ 89 ಪ್ರಸಂಗಗಳಲ್ಲಿ ತೈಲವು ಆಕಸ್ಮಿಕವಾಗಿ ಚೆಲ್ಲಿದ್ದಲ್ಲ, ಜನರು ಬೇಕೆಂದೇ ಬಳಸಿದ್ದು! ಚಿಗಟವನ್ನೋ ತುರಿಕೆಯನ್ನೋ ಹೋಗಲಾಡಿಸಲೆಂದು ಅಕ್ಕರೆಯಿಂದ ಹಚ್ಚಿದ ಎಣ್ಣೆಯೇ ಮುಳುವಾಯಿತೆಂದರೆ, ಮರುಕವೊಂದೇ ಸಾಲದು, ತಿಳಿವಳಿಕೆಯೂ ಬೇಕೆಂದಾಯಿತು. ಗಿಡದಿಂದ ಬಂದುದೆಲ್ಲ ನಿರಪಾಯಕರವೆಂಬ ನಂಬಿಕೆ ಇಲ್ಲಿ ಸಲ್ಲದು.

ಜೊಲ್ಲು ಸುರಿಸುವುದು, ವಾಂತಿ, ತೂರಾಡುವ ನಡಿಗೆ, ನಡುಕ, ಮಂಕು, ಏದುಸಿರು ಇವು ವಿಷದ ಲಕ್ಷಣಗಳು. ಟೀ ಟ್ರೀ ಎಣ್ಣೆಯಾದರೆ ಸಾಮಾನ್ಯವಾಗಿ 2ರಿಂದ 12 ಗಂಟೆಗಳೊಳಗೆ ಕಾಣಿಸಿಕೊಂಡು 72 ಗಂಟೆಗಳವರೆಗೂ ಇರಬಹುದು. ಆದ್ದರಿಂದ ‘ಈಗ ಚೆನ್ನಾಗಿಯೇ ಇದೆಯಲ್ಲ’ ಎಂದು ಸುಮ್ಮನಿರಬಾರದು. ಬೆಕ್ಕನ್ನು ಒಡನೆ ಗಾಳಿಯಾಡುವ ಕಡೆಗೆ ಒಯ್ಯಬೇಕು. ಮೈಗೆ ತೈಲ ತಗುಲಿದ್ದರೆ ಪಾತ್ರೆ ತೊಳೆಯುವ ಸೌಮ್ಯ ದ್ರವಸಾಬೂನು ಹಾಗೂ ಉಗುರುಬೆಚ್ಚನೆಯ ನೀರಿನಿಂದ ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಬೇಕು. ವಾಂತಿ ಮಾಡಿಸಲು ಯತ್ನಿಸಕೂಡದು; ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕೇಡು. ತೈಲದ ಸೀಸೆಯೊಡನೆ ತಡಮಾಡದೆ ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು.

ಪೂಜೆಯ ಕರ್ಪೂರವನ್ನು ಬಿಡಿರೆಂದು ನಾವು ಹೇಳುತ್ತಿಲ್ಲ. ಬಿಲ್ಲೆಗಳನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿಡಿ. ಸೀಸೆಗಳು ಕಪಾಟಿನೊಳಗಿರಲಿ. ಡಿಫ್ಯೂಸರನ್ನು ಬೆಕ್ಕು ಮಲಗುವ ಕೋಣೆಯಲ್ಲಿ ಹಚ್ಚದಿರಿ. ಬಾಗಿಲು-ಕಿಟಕಿ ಮುಚ್ಚಿದ ಕಡೆ ಅದನ್ನು ಕೂಡಿಹಾಕದಿರಿ. ಎದೆಗೆ ನೀಲಗಿರಿ ಹಚ್ಚಿಕೊಂಡ ಮಕ್ಕಳು ಬೆಕ್ಕನ್ನು ತಬ್ಬಿ ಮಲಗದಂತೆ ನೋಡಿಕೊಳ್ಳಿ. ಸೊಳ್ಳೆಗೆ ಪರದೆಯೇ ಲೇಸು. ಚಿಗಟಕ್ಕೆ ವೈದ್ಯರು ಸೂಚಿಸಿದ, ಬೆಕ್ಕಿಗೆಂದೇ ತಯಾರಾದ ಔಷಧಿಯೇ ಸರಿ. ತನಗೇನಾಯಿತೆಂದು ಹೇಳಲರಿಯದ ಜೀವದ ಪರವಾಗಿ ಮನೆಯವರೇ ಮುಂದಾಗಿ ಎಚ್ಚರವಹಿಸಬೇಕು.