ಪ್ಲೇಟ್‌ಲೆಟ್ ಏರಿದರೆ ಒಳ್ಳೆಯದೇ?

ಡೆಂಗಿ ಕಂಡ ಮನೆಗಳಲ್ಲಿ ಪ್ಲೇಟ್‌ಲೆಟ್ ಇಳಿಯಿತೆಂದರೆ ಎದೆ ನಡುಗುತ್ತದೆ, ಏರಿತೆಂದರೆ ಸಮಾಧಾನ. ಹೀಗಾಗಿ ಎಷ್ಟು ಹೆಚ್ಚಿದ್ದರೂ ಒಳ್ಳೆಯದೇ ಎಂಬ ನಂಬಿಕೆ ಬೇರೂರಿದೆ. ಅದು ತಪ್ಪು. ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5ರಿಂದ 4.5 ಲಕ್ಷ ಇರಬೇಕಾದ ಪ್ಲೇಟ್‌ಲೆಟ್ ಅದನ್ನು ದಾಟಿ ಅಲ್ಲೇ ನಿಂತರೆ, ಕಾರಣ ಹುಡುಕಲೇಬೇಕು; ಅದು ಕೆಲವೊಮ್ಮೆ ಕ್ಯಾನ್ಸರ್ ಕೂಡ ಆಗಿರಬಹುದು.

ಅಮೆರಿಕದ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದ ಅನಿಲ್ ಸೂದ್ ಅವರ ತಂಡ 2012ರಲ್ಲಿ ಅಂಡಾಶಯದ ಕ್ಯಾನ್ಸರಿನ 619 ರೋಗಿಗಳ ಅಧ್ಯಯನವನ್ನು ಪ್ರಕಟಿಸಿತು. ರೋಗ ಪತ್ತೆಯಾದಾಗ ಅವರಲ್ಲಿ ಸುಮಾರು ಶೇಕಡಾ 31 ಮಹಿಳೆಯರ ಪ್ಲೇಟ್‌ಲೆಟ್ 4.5 ಲಕ್ಷ ಮೀರಿತ್ತು. ಗೆಡ್ಡೆ ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕವನ್ನು ಸ್ರವಿಸುತ್ತದೆ. ಅದರ ಪ್ರಚೋದನೆಯಿಂದ ಯಕೃತ್ತು ಥ್ರಾಂಬೊಪೊಯೆಟಿನ್ ಹಾರ್ಮೋನನ್ನು ಹೆಚ್ಚಿಸುತ್ತದೆ. ಮೂಳೆಮಜ್ಜೆ ಎಡೆಬಿಡದೆ ಪ್ಲೇಟ್‌ಲೆಟ್ ತಯಾರಿಸುತ್ತದೆ. ಆ ಪ್ಲೇಟ್‌ಲೆಟ್‌ಗಳು ಗೆಡ್ಡೆ ಬೆಳೆಯಲು ಮತ್ತೆ ನೆರವಾಗುತ್ತವೆ.

ಹಾಗೆಂದು ವರದಿ ಕೈಗೆ ಬಂದೊಡನೆ ಕ್ಯಾನ್ಸರ್ ಎಂದು ಹೆದರುವುದೂ ಸರಿಯಲ್ಲ. ಕಬ್ಬಿಣಾಂಶದ ಕೊರತೆ, ಸೋಂಕು, ಉರಿಯೂತಗಳಲ್ಲೂ ಪ್ಲೇಟ್‌ಲೆಟ್ ಏರುತ್ತದೆ. 2017ರ ಬ್ರಿಟನ್ನಿನ ಅಧ್ಯಯನದಲ್ಲಿ, ಪ್ಲೇಟ್‌ಲೆಟ್ ಹೆಚ್ಚಿದ್ದ 40 ದಾಟಿದ ಮಹಿಳೆಯರಲ್ಲಿ ಒಂದು ವರ್ಷದೊಳಗೆ ಯಾವುದಾದರೂ ಕ್ಯಾನ್ಸರ್ ಪತ್ತೆಯಾದದ್ದು ಶೇಕಡಾ 6.2 ಮಂದಿಗೆ. ಸಹಜ ಪ್ರಮಾಣ ಇದ್ದವರಲ್ಲಿ ಶೇಕಡಾ 2.2.

‘ಹೆಂಗಸರಿಗೆ ರಕ್ತ ಕಡಿಮೆ ಇರುವುದು ಮಾಮೂಲು’ ಎಂಬ ಮಾತೂ ಅಪಾಯಕಾರಿ. ಮುಟ್ಟು ನಿಂತ ಮೇಲೆ ಪ್ರತಿ ತಿಂಗಳು ರಕ್ತ ಹೋಗುವುದಿಲ್ಲ. ಆಗಲೂ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗಿದ್ದರೆ ಬರೀ ಟಾನಿಕ್ ಕುಡಿದು ಸುಮ್ಮನಿರಬಾರದು, ರಕ್ತ ಎಲ್ಲಿ ಸೋರುತ್ತಿದೆ ಎಂದು ನೋಡಬೇಕು. ಮುಟ್ಟು ನಿಂತವರಲ್ಲಿ ಕಾಣುವ ತುಸು ರಕ್ತಸ್ರಾವವೂ ಗರ್ಭಕೋಶದ ಒಳಪದರದ ಕ್ಯಾನ್ಸರಿನ ಮುನ್ಸೂಚನೆ ಆಗಿರಬಹುದು. ಗರ್ಭಕೊರಳಿನ ಕ್ಯಾನ್ಸರಿನಲ್ಲಂತೂ ರಕ್ತಹೀನತೆ ಚಿಕಿತ್ಸೆಗೂ ತೊಡಕು: ಆಮ್ಲಜನಕ ಸಾಲದ ಗೆಡ್ಡೆಯ ಮೇಲೆ ವಿಕಿರಣದ ಪರಿಣಾಮ ಕುಗ್ಗುತ್ತದೆ.

ಬಿಳಿ ರಕ್ತಕಣ ಹೆಚ್ಚಾದರೆ ರಕ್ತದ ಕ್ಯಾನ್ಸರ್ ಎಂದೇನಲ್ಲ. ಬಹುಪಾಲು ಅದು ಸೋಂಕು. ಅಪರೂಪಕ್ಕೆ ಗರ್ಭಕೊರಳಿನ ಗೆಡ್ಡೆಯೇ ಮಜ್ಜೆಯನ್ನು ಕೆರಳಿಸುವುದುಂಟು.

ರಕ್ತಪರೀಕ್ಷೆ ಸರಿಯಾಗಿದೆ ಎಂದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲವೆಂದೂ ಅಲ್ಲ. ಆರಂಭದ ಹಂತದಲ್ಲಿ ಎಲ್ಲ ಕಣಗಳೂ ಸಹಜವಾಗಿರಬಹುದು. ಗರ್ಭಕೊರಳಿಗೆ ಪ್ಯಾಪ್ ಸ್ಮಿಯರ್ ಅಥವಾ ಎಚ್‌ಪಿವಿ ಪರೀಕ್ಷೆಯೇ ಬೇಕು. ವಾರಗಟ್ಟಲೆ ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಪದೇಪದೇ ಮೂತ್ರಕ್ಕೆ ಹೋಗಬೇಕಾಗುವುದು ಇದ್ದರೆ ಅಂಡಾಶಯವನ್ನು ನೋಡಲು ಸ್ಕ್ಯಾನ್ ಮಾಡಿಸಬೇಕು.

ಇನ್ನು ಕೀಮೋ ನಡುವೆ ಕಣಗಳು ಕುಸಿದರೆ ‘ರೋಗ ರಕ್ತಕ್ಕೆ ಹರಡಿತು’ ಎಂದು ಮನೆಯವರು ಕಂಗಾಲಾಗುತ್ತಾರೆ. ಅದು ಸಾಮಾನ್ಯವಾಗಿ ಔಷಧದ್ದೇ ಪರಿಣಾಮ. ಕಾರ್ಬೊಪ್ಲಾಟಿನ್ ಪ್ಲೇಟ್‌ಲೆಟ್ ಇಳಿಸುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ಆದರೆ ಬಿಳಿಕಣ ಕುಸಿದ ದಿನಗಳಲ್ಲಿ ಜ್ವರ 100.4 ಡಿಗ್ರಿ ಮುಟ್ಟಿದರೆ, ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.