ಬೆಂಕಿ ಆರಿದ ಮೇಲೂ ಕೆಲಸ ಇದೆ: ಫೈರ್ ರಿಪೋರ್ಟ್ ಬಿಡಬೇಡಿ

ಬೇಸಿಗೆ ಬಂತು ಅಂದ್ರೆ ಒಂದು ಕಡೆ ಕಬ್ಬು ಸುಟ್ಟ ಸುದ್ದಿ, ಇನ್ನೊಂದು ಕಡೆ ಹುಲ್ಲಿನ ಬಣವೆ ಹೋದ ಸುದ್ದಿ. ಬೆಂಕಿ ಆರಿಸೋಕೆ ಊರೆಲ್ಲ ಓಡಿ ಬರುತ್ತೆ. ಮಾರನೇ ದಿನ ಕಚೇರಿಗೆ ಅಲೆಯೋಕೆ ಮಾತ್ರ ರೈತ ಒಬ್ಬನೇ. ಆ ಅಲೆದಾಟದಲ್ಲಿ ಮೊದಲು ಕೇಳೋ ಕಾಗದವೇ ಫೈರ್ ರಿಪೋರ್ಟ್.

ನಮ್ಮ ಭಾಗದಲ್ಲಿ ಒಂದೇ ಬೇಸಿಗೆಯಲ್ಲಿ ಇಬ್ಬರ ಕಬ್ಬು ಸುಟ್ಟಿದ್ದನ್ನು ನಾನು ನೋಡಿದ್ದೇನೆ. ಎರಡೂ ಕಡೆ ಜೋತುಬಿದ್ದ ಕರೆಂಟ್ ತಂತಿಯಿಂದ ಕಿಡಿ ಬಿದ್ದಿತ್ತು ಅಂತ ಅಕ್ಕಪಕ್ಕದವರು ಹೇಳಿದರು. ಒಬ್ಬರು "ಬೆಂಕಿ ಆರಿತು, ಬರೋದು ಬೇಡ" ಅಂತ ದಾರಿಯಲ್ಲಿದ್ದ ಗಾಡಿಯನ್ನೇ ವಾಪಸ್ ಕಳಿಸಿದರು. ಇನ್ನೊಬ್ಬರು ಬೂದಿಯಾಗಿದ್ದರೂ ಗಾಡಿ ಬರೋವರೆಗೆ ಕಾದರು. ಮೊದಲನೆಯವರ ಅರ್ಜಿ ದಾಖಲೆ ಇಲ್ಲ ಅಂತ ವಾಪಸ್ ಬಂತು. ಎರಡನೆಯವರ ಅರ್ಜಿ ನಿಧಾನವಾದರೂ ಮುಂದಕ್ಕೆ ಹೋಯ್ತು.

ಕಾನೂನು ಏನು ಹೇಳುತ್ತೆ?

ಅಗ್ನಿಶಾಮಕ ಸೇವೆ ರಾಜ್ಯಗಳ ಜವಾಬ್ದಾರಿ. ನಮ್ಮಲ್ಲಿ ಅದಕ್ಕೆ 1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆ ಇದೆ. ಠಾಣೆಯವರು ಕರೆ ಬಂದ ಸಮಯ, ಸ್ಥಳ, ಬೆಂಕಿಗೆ ಕಾರಣ, ಅಂದಾಜು ನಷ್ಟ ಎಲ್ಲ ಬರೆದುಕೊಳ್ತಾರೆ. ಅದರ ಪ್ರತಿಯೇ ನಿಮಗೆ ಸಿಗೋ ವರದಿ.

ಅಮೆರಿಕದಲ್ಲಿ ಅನೇಕ ರಾಜ್ಯಗಳ ಕಾನೂನಿನ ಪ್ರಕಾರ ಊರಿನ ಅಗ್ನಿಶಾಮಕ ದಳ ಪ್ರತಿ ಘಟನೆಯ ವರದಿಯನ್ನು ರಾಜ್ಯಕ್ಕೆ ಕಳಿಸಲೇಬೇಕು. ದೇಶಮಟ್ಟದ ಲೆಕ್ಕಕ್ಕೆ ದಾರಿಯಾಗಿದ್ದು 1974ರ ಕಾಯ್ದೆ. ಆ ಲೆಕ್ಕದಲ್ಲಿ ಬೆಳೆ ಬೆಂಕಿಗೂ ಪ್ರತ್ಯೇಕ ಸಂಖ್ಯೆ ಇತ್ತು: ಧಾನ್ಯ ಅಥವಾ ಬೆಳೆ ಸುಟ್ಟರೆ 171, ತೋಟ ಸುಟ್ಟರೆ 172. ಎಲ್ಲಿ, ಯಾಕೆ, ಎಷ್ಟು ಸುಟ್ಟಿತು ಅನ್ನೋದು ಬರೆದಿಟ್ಟರೆ ತಾನೇ ಮುಂದೆ ಯಾವ ಲೈನ್ ಸರಿ ಮಾಡಬೇಕು, ಎಲ್ಲಿ ಠಾಣೆ ಬೇಕು ಅಂತ ಗೊತ್ತಾಗೋದು.

ಕರೆಂಟ್ ಬೆಂಕಿಯಲ್ಲಿ ಒಂದು ತೊಡಕು

2003ರ ವಿದ್ಯುತ್ ಕಾಯ್ದೆಯ 161ನೇ ಕಲಂ ಪ್ರಕಾರ, ವಿದ್ಯುತ್ ಅಪಘಾತದಲ್ಲಿ ಮನುಷ್ಯರಿಗೋ ಪ್ರಾಣಿಗಳಿಗೋ ಸಾವು-ನೋವಾದರೆ ಕಂಪನಿಯವರು ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಲೇಬೇಕು. ಆ ಕಲಮಿನಲ್ಲಿ ಬೆಳೆಯ ಮಾತಿಲ್ಲ. ಅಂದ್ರೆ ಕಬ್ಬು ಮಾತ್ರ ಸುಟ್ಟಿದ್ದರೆ, ಯಾರೋ ವರದಿ ಮಾಡ್ತಾರೆ ಅಂತ ಕೂರೋ ಹಾಗಿಲ್ಲ. ನೀವೇ ಬರೆದು ಕೊಡಬೇಕು.

ವಿಮೆಯಲ್ಲೂ ಇದೇ ಎಚ್ಚರ ಬೇಕು. ಫಸಲ್ ಬಿಮಾದಲ್ಲಿ ಒಬ್ಬ ರೈತನ ಹೊಲಕ್ಕೆ ಆದ ಸ್ಥಳೀಯ ನಷ್ಟದ ಪಟ್ಟಿಯಲ್ಲಿ ಇರೋದು ಸಿಡಿಲಿನಿಂದ ಹೊತ್ತಿದ ನೈಸರ್ಗಿಕ ಬೆಂಕಿ. ತಿಳಿಸೋಕೆ 72 ಗಂಟೆ ಸಮಯ, ಸಹಾಯವಾಣಿ 14447. ತಡೆಯಬಹುದಾಗಿದ್ದ ಬೆಂಕಿಗೆ, ಯಾರೋ ಬೇಕಂತ ಹಚ್ಚಿದ ಬೆಂಕಿಗೆ ಪರಿಹಾರ ಇಲ್ಲ. ಹಾಗಾಗಿ ವರದಿಯಲ್ಲಿ "ಕಾರಣ" ಅನ್ನೋ ಒಂದು ಸಾಲಿಗೆ ತುಂಬಾ ಬೆಲೆ ಇದೆ.

ಸರ್ಕಾರದ ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ಬೆಂಕಿಯೂ ಇದೆ. 2022-26ರ ಮಾನದಂಡದಲ್ಲಿ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹೋದರೆ ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ 8,500 ರೂ., ನೀರಾವರಿಗೆ 17,000 ರೂ., ಬಹುವಾರ್ಷಿಕ ಬೆಳೆಗೆ 22,500 ರೂ., ಅದೂ 2 ಹೆಕ್ಟೇರ್‌ವರೆಗೆ ಮಾತ್ರ. ಹಾಲು ಕೊಡೋ ಹಸು, ಎಮ್ಮೆ ಸತ್ತರೆ 37,500 ರೂ. ಇದಕ್ಕೆ ಅರ್ಜಿ ಹೋಗೋದು ಗ್ರಾಮ ಆಡಳಿತಾಧಿಕಾರಿ ಮೂಲಕ ತಹಶೀಲ್ದಾರರಿಗೆ.

ಮೊಬೈಲ್ ಕೈಲಿದ್ದರೆ ಹೀಗೆ ಮಾಡಿ

1. ಮೊದಲು ಜನ, ಜಾನುವಾರು ದೂರ ಸರಿಸಿ. ತಂತಿ ಬಿದ್ದಿದ್ದರೆ ಹತ್ತಿರ ಹೋಗಬೇಡಿ, ನೀರೂ ಹಾಕಬೇಡಿ. 1912ಕ್ಕೆ ಹೇಳಿ ಲೈನ್ ತೆಗೆಸಿ.

2. 112 ಅಥವಾ 101ಕ್ಕೆ ಕರೆ ಮಾಡಿ. ಊರು, ಹೋಬಳಿ, ದಾರಿ ಗುರುತು ಹೇಳಿ. ಕಾಲ್ ಲಾಗ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ.

3. ದೂರದಿಂದ ವಿಡಿಯೋ ಮಾಡಿ. ಆಮೇಲೆ ಲೊಕೇಶನ್ ಆನ್ ಮಾಡಿ ಹೊಲದ ನಾಲ್ಕೂ ಮೂಲೆಯಿಂದ ಫೋಟೋ ತೆಗೀರಿ. ಕಂಬ, ಟಿಸಿ, ಅವುಗಳ ಸಂಖ್ಯೆ ಫೋಟೋದಲ್ಲಿ ಕಾಣಲಿ.

4. ಬೆಂಕಿ ಆರಿದ್ದರೂ ಸಿಬ್ಬಂದಿ ಬಂದು ನೋಡಲಿ. ಸರ್ವೆ ನಂಬರ್, ಬೆಳೆ, ಎಷ್ಟು ಗುಂಟೆ ಅನ್ನೋದನ್ನು ಸರಿಯಾಗಿ ಬರೆಸಿ. ಕಂಡದ್ದನ್ನಷ್ಟೇ ಹೇಳಿ. ನಷ್ಟ ಹೆಚ್ಚಿಸಿ ಹೇಳಿದರೆ ಮಹಜರಿನಲ್ಲಿ ತಾಳೆ ಆಗಲ್ಲ.

5. ಠಾಣೆಗೆ ಅರ್ಜಿ ಕೊಟ್ಟು ವರದಿ ಪಡೀರಿ. ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸು, ಪೊಲೀಸ್, ತಹಶೀಲ್ದಾರ್, ಎಲ್ಲ ಕಡೆ ಬರವಣಿಗೆಯಲ್ಲೇ ದೂರು ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

6. ವರದಿ ಕೊಡದೆ ಸತಾಯಿಸಿದರೆ 10 ರೂ. ಶುಲ್ಕದಲ್ಲಿ ಮಾಹಿತಿ ಹಕ್ಕು ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು.

ಇನ್ನೊಂದು ಕೆಲಸ ಬೆಂಕಿ ಬೀಳೋಕೆ ಮೊದಲೇ ಆಗಬೇಕು. ಹೊಲದಲ್ಲಿ ಕಬ್ಬು, ಪಹಣಿಯಲ್ಲಿ ಬೇರೆ ಬೆಳೆ ಇದ್ದರೆ ಯಾವ ವರದಿಯೂ ಕೆಲಸಕ್ಕೆ ಬರಲ್ಲ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಈ ಹಂಗಾಮಿನ ಬೆಳೆ ಸೇರಿದೆಯಾ ಅಂತ ಇವತ್ತೇ ನೋಡಿ. ತಂತಿ ಜೋತುಬಿದ್ದಿದ್ದರೆ ಫೋಟೋ ಜೊತೆ ಈಗಲೇ ದೂರು ಕೊಟ್ಟು ದೂರಿನ ನಂಬರ್ ಬರೆದಿಡಿ. ಲೈನ್ ಸರಿಯಾದರೆ ಬೆಳೆ ಉಳಿಯುತ್ತೆ. ಸರಿ ಮಾಡದೆ ಬೆಂಕಿ ಬಿದ್ದರೆ, ಮೊದಲೇ ಹೇಳಿದ್ದಕ್ಕೆ ನಿಮ್ಮ ಕೈಲಿ ಸಾಕ್ಷಿ ಇರುತ್ತೆ.